ಒಂದೇ ಎಸಿ, ಮೂರು ರೇಟು: ಯಾವುದು ನ್ಯಾಯ?

ಏಪ್ರಿಲ್-ಮೇಯಲ್ಲಿ ಸುರತ್ಕಲ್ ಕಡೆಯ ಸೆಕೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ನಮ್ಮ ಮಲಗುವ ಕೋಣೆಯ ಎಸಿ ಬರೀ ಗಾಳಿ ಬಿಡಲು ಶುರು ಮಾಡಿತು. ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್, ನಾಲ್ಕು ವರ್ಷ ಹಳೆಯದು. ಮೂರು ಕಡೆಯವರನ್ನು ಕರೆಸಿ ನೋಡಿದೆ. ಕಂಪನಿಯ ಸರ್ವಿಸ್ ಸೆಂಟರ್ ಹೇಳಿದ್ದು ಸುಮಾರು 14,000. ಆ್ಯಪ್‌ನಲ್ಲಿ ಬುಕ್ ಮಾಡಿದ ಹುಡುಗ ಹೇಳಿದ್ದು 2,800. ಪೇಟೆಯ ಅಂಗಡಿಯ ಮೆಕ್ಯಾನಿಕ್ ಹೇಳಿದ್ದು 3,600.

ಸುಮ್ನೆ ಈ ಮೂರು ಅಂಕಿ ನೋಡಿದರೆ ಮೊದಲನೆಯದು ಸುಲಿಗೆ, ಎರಡನೆಯದು ಅಗ್ಗ ಅನಿಸುತ್ತದೆ, ಅಲ್ವಾ? ನನ್ನ ಲೆಕ್ಕದಲ್ಲಿ ಆ 2,800 ರೂಪಾಯಿಯೇ ಎಲ್ಲಕ್ಕಿಂತ ದುಬಾರಿ.

ಯಾಕೆ ಅಂದರೆ, ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಆ್ಯಪ್‌ನ ಹುಡುಗ ಗೇಜ್ ಹಾಕಿದ, ಮುಳ್ಳು ನೋಡಿದ, "ಗ್ಯಾಸ್ ಲೋ ಸರ್, ತುಂಬಿಸಿದ್ರೆ ಸರಿಯಾಗ್ತದೆ" ಅಂದ. ಎಲ್ಲಿ ಸೋರಿದೆ ಅಂತ ಕೇಳಿದೆ. ಲೀಕ್ ಹುಡುಕಿ ಸರಿ ಮಾಡುವುದಕ್ಕೆ ರೇಟ್ ಕಾರ್ಡಿನಲ್ಲಿ ಬೇರೆ ಸಾಲು ಉಂಟಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಫೋನಿನಲ್ಲೇ ದರಪಟ್ಟಿ ತೋರಿಸಿದ, ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಆದರೆ ತೂತು ಮುಚ್ಚದೆ ತುಂಬಿಸಿದ ಗ್ಯಾಸ್ ಮುಂದಿನ ಸೆಕೆಗೆ ಇರುತ್ತದೆ ಅಂತ ಯಾವ ಗ್ಯಾರಂಟಿ? ದರ ಬಹಿರಂಗವಾಗಿತ್ತು, ಕೆಲಸ ಮಾತ್ರ ಅರ್ಧ.

ಕಂಪನಿಯಿಂದ ಬಂದವರಿಗೆ ಬರೀ ವಿಸಿಟಿಂಗ್ ಚಾರ್ಜ್ 590 ಕೊಟ್ಟೆ. 500ರ ಮೇಲೆ ಶೇ. 18 ಜಿಎಸ್‌ಟಿ. ಒಳಗಿನ ಯೂನಿಟ್ಟಿನ ಮುಚ್ಚಳ ತೆಗೆದು, ಟಾರ್ಚ್ ಹಾಕಿ, "ಕೂಲಿಂಗ್ ಕಾಯಿಲ್ ಹೋಗಿದೆ, ಬದಲಾಯಿಸಬೇಕು" ಅಂದರು. ಗಾಳಿಯನ್ನು ತಣ್ಣಗೆ ಮಾಡುವ ಪೈಪಿನ ಸುರುಳಿ ಅದು. ಕಾಯಿಲ್, ಗ್ಯಾಸ್, ಲೇಬರ್ ಎಲ್ಲ ಸೇರಿಸಿ ಆ 14,000. ವಾರಂಟಿ ಕಾರ್ಡ್ ತೋರಿಸಿದೆ. ದೊಡ್ಡ ಅಕ್ಷರದಲ್ಲಿದ್ದ 10 ವರ್ಷ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಮಾತ್ರ, ಕಾಯಿಲ್‌ಗೆ ಒಂದೇ ವರ್ಷ. ಅವರು ಹೇಳಿದ್ದು ಸುಳ್ಳು ಅಂತ ಹೇಳಲಾರೆ. ಕಡಲ ಬದಿಯ ಉಪ್ಪು ಗಾಳಿಗೆ ಕಾಯಿಲ್ ತಿಂದು ಹೋಗುವುದು ಇಲ್ಲಿ ಮಾಮೂಲು. ಆದರೆ ಎಲ್ಲಿ ತೂತು ಅಂತ ತೋರಿಸಿ ಅಂದಾಗ ಅವರು ತೋರಿಸಿದ್ದು ಒಂದು ಹಸಿರು ಕಲೆ. ಕಲೆ ಅಂದರೆ ತೂತಲ್ಲ.

ಅಂಗಡಿಯವರ ಕೈಯಲ್ಲಿ ಹಳೇ ಶ್ಯಾಂಪೂ ಬಾಟಲಿ, ಅದರಲ್ಲಿ ಸೋಪಿನ ನೀರು. ಒಳಗಿನ ಯೂನಿಟ್ ಮುಟ್ಟುವ ಮೊದಲೇ ಟೆರೇಸಿಗೆ ಹೋದರು. ಹೊರಗಿನ ಯೂನಿಟ್ಟಿಗೆ ಎರಡು ತಾಮ್ರದ ಪೈಪು ಸೇರುವ ಜಾಗದಲ್ಲಿ ಹಿತ್ತಾಳೆಯ ನಟ್ಟುಗಳಿರುತ್ತವೆ. ಅದರಲ್ಲಿ ಒಂದರ ಸುತ್ತ ಧೂಳು ಎಣ್ಣೆ ಹಿಡಿದು ಕಪ್ಪಾಗಿತ್ತು. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತದೆ. ಹಾಗಾಗಿ ಗ್ಯಾಸ್ ಸೋರುವಲ್ಲಿ ಎಣ್ಣೆಯ ಜಿಡ್ಡು ಕೂರುತ್ತದೆ. ಸೋಪಿನ ನೀರು ಬಿಟ್ಟರು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಟ್ಟಿನ ಕೆಳಗಿನಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. "ನೋಡಿ ಮಾರಾಯ್ರೆ, ಇಲ್ಲಿ ಉಂಟು ನಿಮ್ಮ ಲೀಕ್" ಅಂದರು.

ಪೈಪಿನ ಬಾಯಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು, ಅಂದರೆ ನಟ್ಟಿಗೆ ಬಿಗಿಯಾಗಿ ಕೂರುವಂತೆ ತುದಿ ಅಗಲಿಸಿದರು. ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದಾ ಅಂತ ಕಾದರು. ಒಳಗಿನ ಕಾಯಿಲ್ ಸೋರುತ್ತಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನಲ್ಲಿದ್ದ ಗಾಳಿ, ತೇವ ಎಲ್ಲ ಎಳೆದರು. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಯೂನಿಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ಆರ್-32 ಗ್ಯಾಸ್ ಬಿಟ್ಟರು. ಒಂದೂವರೆ ಟನ್ನಿನ ಎಸಿಗೆ ಬೇಕಾಗುವುದು ಒಂದು ಕೆಜಿ ಆಸುಪಾಸು, ಅಷ್ಟೇ. ಅಂದರೆ ಆ 3,600ರಲ್ಲಿ ಗ್ಯಾಸಿನ ದುಡ್ಡಿಗಿಂತ ಕೆಲಸದ ದುಡ್ಡೇ ಜಾಸ್ತಿ. ಅದು ಹಾಗೇ ಇರಬೇಕು. ವ್ಯಾಕ್ಯೂಮ್ ಮಾಡದೆ ಹತ್ತು ನಿಮಿಷದಲ್ಲಿ ಗ್ಯಾಸ್ ಬಿಟ್ಟು ಹೋಗುವವರೂ ಇಷ್ಟೇ ಕೇಳುತ್ತಾರಲ್ಲ, ಅಲ್ಲಿ ಮೋಸ.

ಅವರು ಹೋದ ಮೇಲೆ ನಾನೇ ಥರ್ಮಾಮೀಟರ್ ಹಿಡಿದೆ. ಎಸಿ ಮೇಲಿಂದ ಎಳೆದುಕೊಳ್ಳುವ ಗಾಳಿಗೂ ಕೆಳಗೆ ಬಿಡುವ ಗಾಳಿಗೂ ಎಂಟು-ಹತ್ತು ಡಿಗ್ರಿಯಾದರೂ ಅಂತರ ಇರಬೇಕು. ಇತ್ತು.

ಹಾಗಂತ ಅಂಗಡಿಯವರೇ ಎಲ್ಲದಕ್ಕೂ ಸರಿ ಅಂತಲ್ಲ. ಅವರು ಕೊಟ್ಟ ಬಿಲ್ ನೋಟ್‌ಬುಕ್ಕಿನಿಂದ ಹರಿದ ಹಾಳೆ. ನನ್ನ ಭಾವನ ಮನೆಯ ಇನ್ವರ್ಟರ್ ಎಸಿಯೊಳಗೆ ಹಲ್ಲಿ ಹೋಗಿ ಪಿಸಿಬಿ (ಎಸಿ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್) ಸುಟ್ಟಾಗ ಬೇರೊಬ್ಬ ಮೆಕ್ಯಾನಿಕ್ ಬೋರ್ಡ್ ಬಿಚ್ಚಿ ತಗೊಂಡು ಹೋಗಿ 2,500ಕ್ಕೆ ರಿಪೇರಿ ಮಾಡಿ ತಂದ. ಮಳೆಗಾಲ ಶುರುವಾದದ್ದೇ ಮತ್ತೆ ಹೋಯಿತು. ಆಮೇಲೆ ಕಂಪನಿಯವರೇ 8,500ಕ್ಕೆ ಹೊಸ ಬೋರ್ಡ್ ಹಾಕಿದರು, ಬಿಲ್ ಸಮೇತ, ಬಿಡಿಭಾಗಕ್ಕೆ ವಾರಂಟಿ ಸಮೇತ. ಬೋರ್ಡಿನ ವಿಷಯದಲ್ಲಿ ನಾನು ಆ 8,500 ಜಾಸ್ತಿ ಅನ್ನುವುದಿಲ್ಲ. ಕೆಲವು ಕಂಪನಿಗಳು ಪಿಸಿಬಿಗೆ 5 ವರ್ಷ ವಾರಂಟಿ ಕೊಡುತ್ತವೆ. ಹೊರಗಿನವರು ಬೋರ್ಡ್ ಮುಟ್ಟುವ ಮೊದಲು ಕಾರ್ಡ್ ನೋಡಿಕೊಳ್ಳಿ.

ವಾಟರ್ ವಾಶಿಗೆ ಮಾತ್ರ ಆ್ಯಪ್‌ನವರೇ ವಾಸಿ. 600ರ ಆಸುಪಾಸಿಗೆ ಚೀಲ ಕಟ್ಟಿ, ಜೆಟ್ ಪಂಪಿನಲ್ಲಿ ತೊಳೆದು, ಗೋಡೆಗೆ ಒಂದು ಹನಿ ಕೊಳೆ ತಾಗಿಸದೆ ಹೋಗುತ್ತಾರೆ. ತೊಳೆದ ಮೇಲೆ "ಗ್ಯಾಸೂ ಸ್ವಲ್ಪ ಕಡಿಮೆ ಉಂಟು" ಅಂದರೆ ತಲೆ ಆಡಿಸಬೇಡಿ. ಕೂಲಿಂಗ್ ಸರಿಯಿದ್ದರೆ ಸಾಮಾನ್ಯವಾಗಿ ಗ್ಯಾಸೂ ಸರಿಯಿರುತ್ತದೆ.

ನಿಜವಾದ ಸುಲಿಗೆ ಕಂಡದ್ದು ಹಾಲ್‌ನ ಹಳೇ ಎಸಿಯಲ್ಲಿ. ಅದು ಇನ್ವರ್ಟರ್ ಅಲ್ಲ, ಆರ್-22 ಗ್ಯಾಸಿನದು. ಹೊರಗಿನ ಫ್ಯಾನ್ ತಿರುಗುತ್ತಿತ್ತು, ಕಂಪ್ರೆಸರ್ ಗುಂಯ್ ಅಂದು ನಿಲ್ಲುತ್ತಿತ್ತು. ಒಬ್ಬ ಬಂದು ಕಿವಿಗೊಟ್ಟು ಕೇಳಿ, ಕಂಪ್ರೆಸರ್ ಹೋಗಿದೆ, 12,000 ಆಗ್ತದೆ ಅಂದ. ಏನನ್ನೂ ಅಳೆಯಲಿಲ್ಲ. ಇನ್ನೊಬ್ಬರು ಕಂಪ್ರೆಸರ್ ಶುರುವಾಗಲು ಬೇಕಾದ ಕೆಪಾಸಿಟರ್ ಬಿಚ್ಚಿ ಮೀಟರ್ ಇಟ್ಟರು. ಡಬ್ಬಿಯ ಮೇಲೆ 45 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಮೀಟರಿನಲ್ಲಿ ಬಂದದ್ದು 11. ಹೊಸ ಕೆಪಾಸಿಟರ್, ಕೂಲಿ ಎಲ್ಲ ಸೇರಿ 650. ಹಳೆಯದನ್ನು ಕೇಳದೆಯೇ ನನ್ನ ಕೈಗಿಟ್ಟರು.

ಈಗ ಅದೇ ಹಳೇ ಎಸಿಯ ಕಾಯಿಲ್ ನಿಜವಾಗಿಯೂ ಸೋರುತ್ತಿದೆ. ಗುಳ್ಳೆ ನಾನೇ ನೋಡಿದೆ. ವೆಲ್ಡಿಂಗ್, ನೈಟ್ರೋಜನ್, ವ್ಯಾಕ್ಯೂಮ್, ಗ್ಯಾಸ್ ಎಲ್ಲ ಸೇರಿ 4,500 ಅಂದಿದ್ದಾರೆ ಅಂಗಡಿಯವರು. ರೇಟು ನ್ಯಾಯವೇ, ತಕರಾರಿಲ್ಲ. ಆದರೂ ಬೇಡ ಅಂದೆ. ಓಝೋನ್ ಪದರಕ್ಕೆ ಹಾನಿ ಅಂತ ಆರ್-22 ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸುತ್ತಿದ್ದಾರೆ. ಒಂದು ತೂತು ಮುಚ್ಚಿದರೆ ಉಪ್ಪು ಹಿಡಿದ ಕಾಯಿಲ್ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಹೊಸ ಎಸಿಗೆ ಜಿಎಸ್‌ಟಿ ಬೇರೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಆ 4,500ನ್ನು ಹೊಸದಕ್ಕೇ ಸೇರಿಸುವುದು ಅಂತ ಮನೆಯಲ್ಲಿ ಮಾತಾಗಿದೆ. ಸದ್ಯ ಅಂಗಡಿಗಳಿಗೆ ಫೋನ್ ಮಾಡಿ ಕೇಳುತ್ತಿರುವುದು ಮೂರೇ: ಫಿಟ್ಟಿಂಗಿಗೆ ಎಷ್ಟು, ಜೊತೆಗೆ ಬರುವ ತಾಮ್ರದ ಪೈಪು ಸಾಲದಿದ್ದರೆ ಮೀಟರಿಗೆ ಎಷ್ಟು, ವ್ಯಾಕ್ಯೂಮ್ ಮಾಡುತ್ತೀರಾ ಇಲ್ವಾ.