ಪೊಟ್ಟಣದ ಹಿಟ್ಟು, ಮಿಕ್ಸಿ, ಗ್ರೈಂಡರ್: ಮಕ್ಕಳ ಇಡ್ಲಿ ಡಬ್ಬಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರೈಂಡರ್‌ಗೆ. ಮದುವೆಯಲ್ಲಿ ಬಂದ ಮಿಕ್ಸಿಯಲ್ಲೇ ಆರು ವರ್ಷ ರುಬ್ಬಿದೆ. ಮಗ ಹುಟ್ಟಿದ ಮೇಲೆ ಎರಡು ವರ್ಷ ಅಂಗಡಿಯ ಪೊಟ್ಟಣದ ಹಿಟ್ಟು ತಂದೆ. ಆಮೇಲೆ ಮತ್ತೆ ಮಿಕ್ಸಿ. ಗ್ರೈಂಡರ್ ಮನೆಗೆ ಬಂದು ಈಗ ಹದಿನಾಲ್ಕು ತಿಂಗಳಾಯಿತು. ಮೂರನ್ನೂ ಒಂದೇ ಅಡುಗೆಮನೆಯಲ್ಲಿ, ಅದೇ ಮನೆಮಂದಿಗೆ ಮಾಡಿ ಬಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾವು ಐದು ಜನ. ನಾನು, ಯಜಮಾನರು, ಅತ್ತೆ, ಮೂರನೇ ಕ್ಲಾಸಿನ ಮಗಳು, ಎಲ್‌ಕೆಜಿ ಮಗ. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ವಾರದಲ್ಲಿ ಮೂರು ದಿನವಾದರೂ ಇಡ್ಲಿ ಅಥವಾ ದೋಸೆ ಆಗಲೇಬೇಕು. ಬೆಳಿಗ್ಗೆ 7.40ಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಏಳು ಗಂಟೆಗೆ ಬೇಯಿಸಿದ ಇಡ್ಲಿಯನ್ನು ಮಗಳು ಡಬ್ಬಿ ತೆರೆದು ತಿನ್ನುವುದು ಹನ್ನೆರಡೂವರೆಗೆ. ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದಾಗ ಯಾವ ಇಡ್ಲಿಯೂ ಚೆನ್ನಾಗಿಯೇ ಇರುತ್ತದೆ. ಐದೂವರೆ ಗಂಟೆ ಸ್ಟೀಲ್ ಡಬ್ಬಿಯಲ್ಲಿ ಕೂತ ಮೇಲೆ ಹೇಗಿರುತ್ತದೆ ಅನ್ನುವುದೇ ನನಗೆ ಮುಖ್ಯ. ಈ ಇಡೀ ಹೋಲಿಕೆಯನ್ನು ನಾನು ಆ ಡಬ್ಬಿ ಇಟ್ಟುಕೊಂಡೇ ಮಾಡಿದ್ದೇನೆ.

ಪೊಟ್ಟಣದ ಹಿಟ್ಟಿನ ಬಗ್ಗೆ ಸುಮ್ನೆ ಕೆಟ್ಟದ್ದು ಹೇಳಲಾರೆ. ಬಾಣಂತನ ಮುಗಿಸಿ ಕೆಲಸಕ್ಕೆ ವಾಪಸ್ ಹೋದ ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದೇ ಅದು. ನಾನು ತರುತ್ತಿದ್ದ ಪೊಟ್ಟಣದ ಮೇಲೆ ಅಕ್ಕಿ, ಉದ್ದು, ಮೆಂತ್ಯ, ನೀರು ಇಷ್ಟೇ ಬರೆದಿತ್ತು. ಅದರಲ್ಲಿ ತಪ್ಪೇನಿಲ್ಲ. ಆದರೆ ಅಕ್ಕಿ ಎಷ್ಟು, ಉದ್ದು ಎಷ್ಟು ಅನ್ನುವುದು ನಮ್ಮ ಕೈಯಲ್ಲಿ ಇಲ್ಲ ಅಲ್ವಾ? ಉದ್ದು ದುಬಾರಿ, ಅಕ್ಕಿ ಅಗ್ಗ. ನಾನು ತಂದ ಹಿಟ್ಟಿನ ಇಡ್ಲಿ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ, ಮುರಿದರೆ ಪುಡಿಪುಡಿಯಾಗುತ್ತಿತ್ತು. ಹಿಟ್ಟಿನಲ್ಲಿ ಅಕ್ಕಿ ಜಾಸ್ತಿಯಾದರೆ ಇಡ್ಲಿ ಹಾಗೇ ಆಗುವುದು.

ಹುಳಿಯ ಕಥೆ ಬೇರೆ. ಮೊದಲ ದಿನ ಸಪ್ಪೆ, ಎರಡನೇ ದಿನ ಹದ, ಮೂರನೇ ದಿನ ಮಗ ಬಾಯಿಗಿಟ್ಟು ಮುಖ ಕಿವುಚುವಷ್ಟು ಹುಳಿ. ಒಂದು ಸಲ ಏಪ್ರಿಲ್‌ನಲ್ಲಿ ತಂದ ಪೊಟ್ಟಣ ಮನೆ ಸೇರುವಷ್ಟರಲ್ಲಿ ದಿಂಬಿನ ಹಾಗೆ ಉಬ್ಬಿ ಬ್ಯಾಗಿನಲ್ಲೇ ಒಡೆದುಹೋಯಿತು. ಅಂಗಡಿಯಲ್ಲಿ ಹಿಂದಿನ ರಾತ್ರಿ ಕರೆಂಟ್ ಹೋಗಿತ್ತಂತೆ, ಆಮೇಲೆ ಗೊತ್ತಾಯಿತು. ದಿನಾಂಕ ನೋಡಿಯೇ ತಂದಿದ್ದೆ. ಪೊಟ್ಟಣದ ಮೇಲಿನ ದಿನಾಂಕ ದಾರಿಯುದ್ದಕ್ಕೂ ಫ್ರಿಜ್ ತಣ್ಣಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇನ್ನು ಮಿಕ್ಸಿ. ಚಟ್ನಿಗೆ, ಸಾಂಬಾರಿನ ಮಸಾಲೆಗೆ ಮಿಕ್ಸಿ ಬಿಟ್ಟರೆ ಇಲ್ಲ, ಗ್ರೈಂಡರ್ ಬಂದ ಮೇಲೂ ಇಲ್ಲ. ದೋಸೆ ಹಿಟ್ಟಿಗೂ ಪರವಾಗಿಲ್ಲ. ಇಡ್ಲಿಗೆ ಮಾತ್ರ ನನಗೆ ಅದು ಒಗ್ಗಲಿಲ್ಲ, ಕಾರಣ ಬಿಸಿ. ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಉದ್ದನ್ನು ಎರಡು ನಿಮಿಷ ಓಡಿಸಿ ಜಾರ್ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ. ಬಿಸಿಯಾದ ಉದ್ದಿನ ಹಿಟ್ಟು ನುಣ್ಣಗಾಗುತ್ತದೆ, ಆದರೆ ಹಗುರಾಗುವುದಿಲ್ಲ. ನಮ್ಮಮ್ಮ ಹೇಳಿಕೊಟ್ಟ ಪರೀಕ್ಷೆ ಇದೆ: ಒಂದು ಲೋಟ ನೀರಿಗೆ ಉದ್ದಿನ ಹಿಟ್ಟಿನ ಒಂದು ಹನಿ ಬಿಡಬೇಕು. ತೇಲಿದರೆ ಸರಿ, ಮುಳುಗಿದರೆ ಇನ್ನೂ ರುಬ್ಬಬೇಕು. ಮಿಕ್ಸಿಯಲ್ಲಿ ನನ್ನ ಹನಿ ಹತ್ತರಲ್ಲಿ ಏಳು ಸಲ ಮುಳುಗುತ್ತಿತ್ತು.

ಉಪಾಯಗಳಿವೆ, ಎಲ್ಲವನ್ನೂ ಮಾಡಿದ್ದೇನೆ. ಉದ್ದನ್ನು ಫ್ರಿಜ್‌ನಲ್ಲೇ ನೆನೆಸುವುದು, ಐಸ್ ನೀರು ಹಾಕುವುದು, ಸ್ವಲ್ಪ ಸ್ವಲ್ಪವೇ ಹಾಕಿ ಒಂದು ನಿಮಿಷ ಓಡಿಸಿ ಎರಡು ನಿಮಿಷ ಬಿಡುವುದು. ಇಷ್ಟೆಲ್ಲ ಮಾಡಿದರೆ ಇಡ್ಲಿ ನಿಜಕ್ಕೂ ಮೆತ್ತಗಾಗುತ್ತದೆ. ಆದರೆ ಐದು ಜನರ ಹಿಟ್ಟಿಗೆ ಏಳೆಂಟು ಸಲ ಜಾರ್ ತುಂಬಿ ಬಳಿಯಬೇಕು. ಐದನೇ ಸಲಕ್ಕೆ ಮೋಟಾರು ಕಾದು ಮಿಕ್ಸಿ ನಿಂತುಬಿಡುತ್ತಿತ್ತು. ಬಗ್ಗಿಸಿ ತಳದ ಕೆಂಪು ಬಟನ್ ಒತ್ತಿ, ತಣ್ಣಗಾಗುವ ತನಕ ಕಾಯಬೇಕು. ರಾತ್ರಿ ಹತ್ತು ಗಂಟೆಗೆ, ಆಫೀಸಿನಿಂದ ಬಂದು, ಮಕ್ಕಳನ್ನು ಮಲಗಿಸಿ, ಅರ್ಧ ರುಬ್ಬಿದ ಅಕ್ಕಿಯ ಮುಂದೆ ನಿಂತುಕೊಳ್ಳುವುದು ನನಗೆ ಸಾಕಾಗಿ ಹೋಗಿತ್ತು. ಅಂಥದೊಂದು ರಾತ್ರಿಯೇ ಗ್ರೈಂಡರ್ ತರೋಣ ಅಂತ ನಿರ್ಧಾರ ಮಾಡಿದ್ದು.

ತಂದಿದ್ದು 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್, ಕೊಯಮತ್ತೂರಿನಲ್ಲಿ ತಯಾರಾದದ್ದು. ರೇಷ್ಮೆ ಸೀರೆಗೆ ಮೈಸೂರು ಹೇಗೋ ಗ್ರೈಂಡರ್‌ಗೆ ಕೊಯಮತ್ತೂರು ಹಾಗೆ. ಅಲ್ಲಿನ ವೆಟ್ ಗ್ರೈಂಡರ್‌ಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಕೂಡ ಇದೆ. ಬೆಲೆ 4,800 ರೂಪಾಯಿ ಆಯಿತು. ಹೊಸದರಲ್ಲಿ ಕಲ್ಲಿನಿಂದ ಸಣ್ಣ ಮರಳಿನಂಥ ಪುಡಿ ಬಿಡುತ್ತದೆ. ಒಂದು ಹಿಡಿ ನೆನೆದ ಅಕ್ಕಿ ಹಾಕಿ ಓಡಿಸಿ ಚೆಲ್ಲಬೇಕು. ನಾನು ಮೂರು ಸಲ ಚೆಲ್ಲಿದ ಮೇಲೆ ಬೂದು ಬಣ್ಣ ಹೋಯಿತು. ಇದನ್ನು ಮಾತ್ರ ಬಿಡಬೇಡಿ.

ಮೊದಲ ಶನಿವಾರ ಉದ್ದು ಹಾಕಿ ಪಕ್ಕದಲ್ಲೇ ನಿಂತಿದ್ದೆ. ಹತ್ತು ನಿಮಿಷಕ್ಕೆ ಹಿಟ್ಟು ಬಿಳಿಯಾಯಿತು. ಆಗಾಗ ಕೈಯಲ್ಲಿ ಒಂದೊಂದು ಹನಿ ನೀರು ಚಿಮುಕಿಸುತ್ತಾ ಬಂದೆ. ಇಪ್ಪತ್ತು ನಿಮಿಷಕ್ಕೆ ಡ್ರಮ್ಮಿನ ಗೋಡೆಯುದ್ದಕ್ಕೂ ಬೆಣ್ಣೆಯ ಹಾಗೆ ಏರಿ ಬಂತು. ಮುಟ್ಟಿದರೆ ತಣ್ಣಗೆ. ಹನಿ ಬಿಟ್ಟೆ, ನೀರಿನ ಮೇಲೆ ಹತ್ತಿಯ ಹಾಗೆ ನಿಂತಿತು. ಅತ್ತೆ ಬಂದು ಇಣುಕಿ, 'ಒರಳುಕಲ್ಲಲ್ಲಿ ರುಬ್ಬಿದ ಹಾಗೇ ಇದೆಯಮ್ಮ' ಅಂದರು. ಅವರು ಆ ಕಲ್ಲಿನ ಮುಂದೆ ಇಪ್ಪತ್ತು ವರ್ಷ ಕೂತವರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು.

ಮಿಕ್ಸಿಯಲ್ಲಿ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕುತ್ತಿದ್ದೆ. ಗ್ರೈಂಡರ್‌ನಲ್ಲಿ ನಾಲ್ಕಕ್ಕೆ ಒಂದು ಸಾಕು. ಉದ್ದು ಅಷ್ಟು ಒದಗುತ್ತದೆ. ಸೋಡಾ ಬೇಡ, ಈಸ್ಟ್ ಬೇಡ. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಬೇಳೆಕಾಳಿನ ಜೊತೆಗೇ ಬರುತ್ತದೆ. ಅದರಲ್ಲಿ ಮುಖ್ಯವಾದದ್ದರ ಹೆಸರು ಲ್ಯುಕೊನೊಸ್ಟಾಕ್ ಮೆಸೆಂಟೆರಾಯ್ಡೀಸ್. ಅದು ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಈ ಉದ್ದಿನ ನೊರೆ. ನೊರೆಯೇ ಇಲ್ಲದಿದ್ದರೆ ಗಾಳಿ ಹೊರಗೆ ಹೋಗಿ ಇಡ್ಲಿ ಚಪ್ಪಟೆಯಾಗುತ್ತದೆ. ನಮ್ಮ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಮಾತ್ರ ಯಾವುದರಲ್ಲಿ ರುಬ್ಬಿದರೂ ಹಿಟ್ಟು ಬೇಗ ಏಳುವುದಿಲ್ಲ. ಆಗ ಇಡ್ಲಿ ಪಾತ್ರೆಯ ತಳಕ್ಕೆ ಬಿಸಿನೀರು ಹಾಕಿ, ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು, ಮೇಲೊಂದು ಹಳೇ ಶಾಲು ಹೊದಿಸುತ್ತೇನೆ.

ಈಗ ಗ್ರೈಂಡರ್‌ನ ತೊಂದರೆಗೆ ಬರುತ್ತೇನೆ. ತೊಳೆಯುವುದು. ತರುವ ಮುಂಚೆ ಇದನ್ನು ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ನಮ್ಮದು ಬಗ್ಗಿಸಲಾಗದ ಮಾದರಿ. ರುಬ್ಬಿ ಆದ ಮೇಲೆ ಮೊದಲು ಉರುಳುಕಲ್ಲುಗಳ ಜೋಡಿಯನ್ನು ಎತ್ತಬೇಕು. ಅದು ಹಿಟ್ಟು ಸುರಿಸುತ್ತಲೇ ಮೇಲೆ ಬರುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಳಿಯಬೇಕು. ಆಮೇಲೆ ಡ್ರಮ್. ತಳದಲ್ಲಿ ಕಲ್ಲು ಕೂತಿರುವುದರಿಂದ ಖಾಲಿ ಡ್ರಮ್ಮೇ ಭಾರ, ಅದರಲ್ಲಿ ಎರಡು ಕೆಜಿ ಹಿಟ್ಟು ಬೇರೆ. ಎತ್ತಿ ಬಗ್ಗಿಸಿ ಸುರಿಯುವುದು ನನ್ನಿಂದ ಆಗಲಿಲ್ಲ, ಸೌಟಿನಲ್ಲಿ ಮೊಗೆಯುತ್ತೇನೆ. ಖಾಲಿಯಾದ ಮೇಲೆ ಸಿಂಕಿಗೆ ಸಾಗಿಸುವುದು ಯಜಮಾನರ ಕೆಲಸ. ಅವರು ಊರಲ್ಲಿಲ್ಲದ ವಾರ ನಾನು ಡ್ರಮ್ ಎತ್ತುವುದಿಲ್ಲ, ಅಲ್ಲೇ ನೀರು ಹಾಕಿ ಬಟ್ಟೆಯಲ್ಲಿ ಒರೆಸಿ ಮೂರು ಸಲ ತೆಗೆಯುತ್ತೇನೆ.

ಎರಡನೇ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ಸುಸ್ತಾಗಿತ್ತು, ನೀರು ತುಂಬಿಸಿಟ್ಟು ಬೆಳಿಗ್ಗೆ ತೊಳೆದರಾಯಿತು ಅಂತ ಮಲಗಿದೆ. ಡ್ರಮ್ಮಿಗೆ ನೀರು ಹಾಕಿದ್ದೆ, ಉರುಳುಕಲ್ಲುಗಳನ್ನು ಹಾಗೇ ಕಟ್ಟೆಯ ಮೇಲೆ ಬಿಟ್ಟಿದ್ದೆ. ಒಣಗಿದ ಉದ್ದಿನ ಹಿಟ್ಟು ಅಂದರೆ ಗೋಂದು. ಕಲ್ಲಿಗೂ ಅದರ ಪ್ಲಾಸ್ಟಿಕ್ ಟೋಪಿಗೂ ನಡುವೆ ಒಂದು ಸಂದಿ ಇದೆ, ಚಾಕುವಿನ ತುದಿ ಹೋಗುವಷ್ಟೇ ಅಗಲ. ಹಿಟ್ಟು ಅಲ್ಲಿ ಕಚ್ಚಿಕೊಂಡು ಬಿಟ್ಟಿತ್ತು. ಮೇಲಿನಿಂದ ತೊಳೆದು ಸರಿಯಾಯಿತು ಅಂದುಕೊಂಡೆ. ಮುಂದಿನ ಶನಿವಾರ ಹೊಸ ಹಿಟ್ಟಿನಲ್ಲಿ ಏನೋ ಮುಗ್ಗಲು ವಾಸನೆ. ಆ ವಾರದ ಹಿಟ್ಟು ಪೂರ್ತಿ ಚೆಲ್ಲಬೇಕಾಯಿತು. ನೆನೆಸಿ ರುಬ್ಬಿದ ಅನ್ನದ ಪದಾರ್ಥ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಉದ್ದು ಮೊದಲು, ಅಕ್ಕಿ ಆಮೇಲೆ. ಅಕ್ಕಿ ತೆಗೆದ ತಕ್ಷಣ, ಕೈ ಕೂಡ ತೊಳೆಯದೆ, ಎರಡು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸುತ್ತೇನೆ. ಸಂದಿಯಲ್ಲಿರುವುದು ಬಹುಪಾಲು ಬಿಟ್ಟುಕೊಳ್ಳುತ್ತದೆ. ಆ ನೀರು ಚೆಲ್ಲುವುದಿಲ್ಲ, ಮೊದಲ ಸಲದ್ದನ್ನು ದೋಸೆ ಹಿಟ್ಟು ತೆಳು ಮಾಡಲು ಫ್ರಿಜ್‌ನಲ್ಲಿ ಇಡುತ್ತೇನೆ. ಆಮೇಲೆ ಇದಕ್ಕೆಂದೇ ಇಟ್ಟ ಒಂದು ಟೂತ್ ಬ್ರಷ್‌ನಲ್ಲಿ ಆ ಸಂದಿಯನ್ನೂ, ಡ್ರಮ್ಮಿನ ನಡುವಿನ ಕಂಬದ ಬುಡವನ್ನೂ ಉಜ್ಜುತ್ತೇನೆ. ಸೋಪು ಹಾಕುವುದಿಲ್ಲ, ಬಿಸಿನೀರೇ ಸಾಕು. ಕಲ್ಲುಗಳನ್ನು ರಾತ್ರಿಯಿಡೀ ಬಟ್ಟೆಯ ಮೇಲೆ ಬಿಟ್ಟು, ಪೂರ್ತಿ ಒಣಗಿದ ಮೇಲೇ ಜೋಡಿಸುವುದು. ಎಲ್ಲ ಸೇರಿ ಹದಿನೈದು ನಿಮಿಷ. ಮಿಕ್ಸಿ ಜಾರ್ ತೊಳೆಯಲು ಮೂರು ನಿಮಿಷ. ಈ ವ್ಯತ್ಯಾಸ ನಿಮಗೆ ದೊಡ್ಡದು ಅನಿಸಿದರೆ ಗ್ರೈಂಡರ್ ನಿಮ್ಮ ಮನೆಯಲ್ಲಿ ಮೂಲೆ ಸೇರುತ್ತದೆ. ತುಂಬಾ ಮನೆಗಳಲ್ಲಿ ಹಾಗೇ ಆಗಿದೆ.

ಅಕ್ಕನ ಮನೆಯಲ್ಲಿ ಬಗ್ಗಿಸುವ ಮಾದರಿ, ಟಿಲ್ಟಿಂಗ್ ಅಂತಾರಲ್ಲ, ಅದಿದೆ. ಹಿಡಿಕೆ ಎಳೆದರೆ ಡ್ರಮ್ ಬಾಗುತ್ತದೆ, ಹಿಟ್ಟು ಸಲೀಸಾಗಿ ಪಾತ್ರೆಗೆ ಬೀಳುತ್ತದೆ. ನಮ್ಮದಕ್ಕಿಂತ ಎರಡು ಸಾವಿರ ಜಾಸ್ತಿ. ಆಗ ಆ ಎರಡು ಸಾವಿರ ಉಳಿಸಿದೆ. ಇವತ್ತು ತರುವುದಾದರೆ ಅದನ್ನೇ ತರುತ್ತೇನೆ.

ಸದ್ದು: ಮಿಕ್ಸಿ ಕಿರುಚುತ್ತದೆ, ಗ್ರೈಂಡರ್ ಗುರ್ ಅನ್ನುತ್ತದೆ. ಮಕ್ಕಳು ಏಳುವುದಿಲ್ಲ.

ಕರೆಂಟಿನ ಬಗ್ಗೆ ಅಮ್ಮನಿಗೆ ಅನುಮಾನವಿತ್ತು. ನಮ್ಮ ಗ್ರೈಂಡರ್ 150 ವಾಟ್, ಮಿಕ್ಸಿ 750. ಗ್ರೈಂಡರ್ ಒಂದು ಗಂಟೆ ಓಡಿದರೂ, ಮಿಕ್ಸಿ ಹನ್ನೆರಡು ನಿಮಿಷ ಓಡಿದಷ್ಟೇ ಲೆಕ್ಕ.

ಗ್ರೈಂಡರ್ ತಂದ ಮೇಲೆ ನಾನು ಎಣಿಸದೇ ಇದ್ದ ಒಂದು ಲಾಭ ಆಯಿತು. ರಾಗಿ. ಅತ್ತೆಗೆ ಸಕ್ಕರೆ ಕಾಯಿಲೆ, ಅಕ್ಕಿ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮಗನಿಗೆ ಹಾಲು ಕಂಡರಾಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹೇಗಾದರೂ ಅವನ ಹೊಟ್ಟೆಗೆ ರಾಗಿ ಸೇರಿಸಬೇಕಿತ್ತು. ಮಿಕ್ಸಿಯಲ್ಲಿ ನೆನೆಸಿದ ಇಡೀ ರಾಗಿ ಎಷ್ಟು ರುಬ್ಬಿದರೂ ಸಿಪ್ಪೆ ಹಲ್ಲಿಗೆ ಸಿಗುತ್ತಿತ್ತು. ಅವನು ಉಗುಳುತ್ತಿದ್ದ. ಗ್ರೈಂಡರ್‌ನಲ್ಲಿ ಮೂವತ್ತೈದು ನಿಮಿಷ ಬಿಟ್ಟರೆ ನುಣ್ಣಗಾಗುತ್ತದೆ. ಮೂರು ಲೋಟ ರಾಗಿ, ಒಂದು ಲೋಟ ಉದ್ದು, ಒಂದು ಹಿಡಿ ಅವಲಕ್ಕಿ, ಚಿಟಿಕೆ ಮೆಂತ್ಯ. ರಾಗಿಯನ್ನು ಜಾಲಿಸಿ ಕಲ್ಲು ತೆಗೆಯುವುದನ್ನು ಮರೆಯಬೇಡಿ. ಕಾವಲಿಯ ಮೇಲೆ ಅಂಚು ಬಿಡುವ ಹೊತ್ತಿಗೆ ಅಡುಗೆಮನೆಯೆಲ್ಲ ಘಮ್ ಅನ್ನುತ್ತದೆ. ಈಗ ಮಗ ಕಾಯಿಚಟ್ನಿ ಜೊತೆ ಎರಡು ತಿನ್ನುತ್ತಾನೆ.

ದುಡ್ಡಿನ ಲೆಕ್ಕ ನಮ್ಮ ಮನೆಯದು, ನಮ್ಮ ಅಂಗಡಿಯ ಬೆಲೆಗೆ. ವಾರಕ್ಕೆ ಎರಡು ಕೆಜಿ ಹಿಟ್ಟು ಬೇಕು. ಪೊಟ್ಟಣವಾದರೆ 160 ರೂಪಾಯಿ. ಮನೆಯಲ್ಲಿ 600 ಗ್ರಾಂ ಅಕ್ಕಿಗೆ 30, 150 ಗ್ರಾಂ ಉದ್ದಿಗೆ 21, ಮೆಂತ್ಯ, ಉಪ್ಪು, ಕರೆಂಟು ಸೇರಿ 55 ಅಂತಿಟ್ಟುಕೊಳ್ಳಿ. ವಾರಕ್ಕೆ ನೂರು ರೂಪಾಯಿ ಉಳಿಯಿತು. ಹನ್ನೊಂದು ಹನ್ನೆರಡು ತಿಂಗಳಿಗೆ ಗ್ರೈಂಡರ್‌ನ ದುಡ್ಡು ಹುಟ್ಟಿತು.

ಇಬ್ಬರೇ ಇರುವ ಮನೆ, ವಾರಕ್ಕೊಮ್ಮೆ ದೋಸೆ ಅಂದರೆ ಗ್ರೈಂಡರ್ ತರಬೇಡಿ. ಮಿಕ್ಸಿ, ಐಸ್ ನೀರು ಸಾಕು. ಹಸುಗೂಸು ಇರುವ ಮನೆ, ಕೈಗೊಬ್ಬರು ಇಲ್ಲ ಅಂದರೆ ಪೊಟ್ಟಣ ತನ್ನಿ, ಅದಕ್ಕಾಗಿ ಮನಸ್ಸಿಗೆ ಬೇಜಾರು ಮಾಡಿಕೊಳ್ಳಬೇಡಿ. ಫ್ರಿಜ್ ಸರಿಯಿರುವ ಅಂಗಡಿಯಲ್ಲಿ, ಅವತ್ತು ಬಂದದ್ದನ್ನೇ ಕೇಳಿ ತನ್ನಿ. ನಾಲ್ಕೈದು ಜನ, ಶಾಲೆಗೆ ಹೋಗುವ ಮಕ್ಕಳು, ವಾರಕ್ಕೆ ಮೂರು ದಿನ ಇಡ್ಲಿ ದೋಸೆ ಇದ್ದರೆ ಗ್ರೈಂಡರ್ ತನ್ನಿ, ಕೈಲಾದರೆ ಟಿಲ್ಟಿಂಗ್ ಮಾದರಿಯದನ್ನೇ. ಅಂಗಡಿಯಲ್ಲಿ ಮುಚ್ಚಳ ತೆಗೆಸಿ, ಉರುಳುಕಲ್ಲು ಹೊರಗೆ ತೆಗೆದು, ಡ್ರಮ್ಮನ್ನು ಒಮ್ಮೆ ನೀವೇ ಎತ್ತಿ ನೋಡಿ. ಕಲ್ಲು ಮತ್ತು ಟೋಪಿಯ ನಡುವಿನ ಸಂದಿಗೆ ಬೆರಳು ಆಡಿಸಿ ನೋಡಿ. ಟೋಪಿ ಬಿಚ್ಚಿ ತೊಳೆಯಲು ಬರುವಂಥದು ಸಿಕ್ಕರೆ ಐನೂರು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ.