ಮಗನ ಕಲಿಕಾ ಪರೀಕ್ಷೆ, ಬಳ್ಳಾರಿ: 5ಕ್ಕೆ 4

ಮಗ ನಾಲ್ಕನೇ ಕ್ಲಾಸು. ಕೆಟ್ಟ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿ ಓಡಿಸುತ್ತಾನೆ. ಆದರೆ ‘ಬಳ್ಳಾರಿ’ ಬರಿ ಅಂದರೆ ‘ಬಳಾರಿ’ ಅಂತ ಬರೆಯುತ್ತಾನೆ. ಒತ್ತಕ್ಷರ ಬಂದ ಕಡೆ ಪೆನ್ಸಿಲ್ ನಿಂತುಬಿಡುತ್ತದೆ. ಶಾಲೆಯಲ್ಲಿ ಸೋಮಾರಿ ಅಂದರು. ಅದಕ್ಕೇ ಊರಿನ ಒಂದು ಮಕ್ಕಳ ಕಲಿಕಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಎರಡು ಶನಿವಾರ, ಒಟ್ಟು ನಾಲ್ಕು ತಾಸು, 3,500 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಕೆಂಪು-ಬಿಳಿ ಬಣ್ಣದ ಚೌಕದ ತುಂಡುಗಳನ್ನು ಕೊಟ್ಟು, ಕಾರ್ಡಿನಲ್ಲಿರುವ ಹಾಗೆ ಜೋಡಿಸು ಅಂತಾರೆ. ಬಾಗಿಲ ಹೊರಗೆ ಕೂತಿದ್ದ ನನಗೆ ಟಕಟಕ ಸದ್ದು ಬಿಡದೆ ಕೇಳುತ್ತಿತ್ತು. ಓದುವ ಪರೀಕ್ಷೆ ಶುರುವಾದ ಮೇಲೆ ಒಳಗೆ ಬರೀ ಮೌನ. ಜೋಡಿಸುವುದರಲ್ಲಿ ವಯಸ್ಸಿಗಿಂತ ತುಂಬಾ ಮುಂದೆ, ಓದು-ಬರಹದಲ್ಲಿ ಎರಡು ವರ್ಷ ಹಿಂದೆ. ಎರಡನ್ನೂ ಕೂಡಿಸಿ ನೋಡಿದರೆ ಸಾಧಾರಣ ಹುಡುಗನ ಥರ ಕಾಣ್ತಾನೆ, ಜಾಣತನವೂ ಕಷ್ಟವೂ ಎರಡೂ ಮುಚ್ಚಿಹೋಗ್ತವೆ ಅಂತ ಮೇಡಂ ಬಿಡಿಸಿ ಹೇಳಿದರು.

ಆಮೇಲೆ, ಮನೆಯಲ್ಲಿ ಇನ್ಯಾರಿಗಾದರೂ ಹೀಗಿತ್ತಾ ಅಂತ ಕೇಳಿದರು. ನಮ್ಮಪ್ಪ ಪಕ್ಕದಲ್ಲೇ ಇದ್ದರು. ಜೀನ್ಸ್ ಯೂನಿಟ್‌ನಲ್ಲಿ 30 ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು. ಬಟ್ಟೆ ಹಾಸಿದರೆ ಸಾಕು, ಎಷ್ಟು ಪ್ಯಾಂಟ್ ಆಗತ್ತೆ ಅಂತ ಟೇಪ್ ಹಿಡಿಯದೆ ಹೇಳ್ತಾರೆ. ಬಸ್ಸಿನ ಬೋರ್ಡ್ ಮಾತ್ರ ‘ಕನ್ನಡಕ ಮರೆತೆ’ ಅಂತ ಪಕ್ಕದವರ ಹತ್ತಿರ ಓದಿಸ್ತಾರೆ. ಅವರಿಗೆ ಕನ್ನಡಕವೇ ಇಲ್ಲ. ಅವತ್ತು ಮೆಲ್ಲಗೆ ಅಂದರು, “ನಾನೂ ಹಿಂಗೇ ಇದ್ದೆನಮ್ಮ, ಮೂರನೇ ಕ್ಲಾಸಿಗೇ ಬಿಟ್ಟೆ.” ನನಗೂ ಬಾಯಿಲೆಕ್ಕ ಸಲೀಸು, ಒಂದು ಪುಟ ಓದೋಕೆ ಮಾತ್ರ ಹೊತ್ತು ಬೇಕು. ಇದನ್ನೂ ಫೋನಿಗೆ ಹೇಳಿಯೇ ಟೈಪ್ ಮಾಡಿಸಿದ್ದೇನೆ.

ಓದು-ಬರಹದ ಈ ತೊಂದರೆಗೆ ಡಿಸ್ಲೆಕ್ಸಿಯಾ ಅಂತಾರೆ. ಮನೆತನದಲ್ಲಿ ಇಳಿದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕರ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಇಲ್ಲಿನ ವರದಿ ಒಂದೇ ಸಾಲದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ವರದಿಗೇ. ಆರು ಪುಟ, ಎಲ್ಲಾ ಇಂಗ್ಲಿಷ್. ಓದೋದೇ ಕಷ್ಟ ಇರೋ ಮನೆಗೆ ಹೀಗೆ ಕೊಟ್ಟರೆ ಹೇಗೆ ಅಲ್ವಾ? ಕೇಳಿದ ಮೇಲೆ ಮೇಡಂ ಕನ್ನಡದಲ್ಲಿ ಹನ್ನೆರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಮೊದಲೇ ಕೊಡಬೇಕಿತ್ತು.

ಈಗ ವಾರಕ್ಕೆರಡು ಕ್ಲಾಸು. ಅಪ್ಪನೂ ಬರ್ತಾರೆ. ಹೋದ ವಾರ ಅಕ್ಷರದ ಕಾರ್ಡು ನೋಡಿ ಹಳೇ ಜೀನ್ಸ್ ಬಟ್ಟೆ ಮೇಲೆ ಚಾಕ್‌ನಲ್ಲಿ ‘ಳ’ ಬರೆದು ಕತ್ತರಿಸಿದರು. ಅದರ ಒತ್ತನ್ನು ಬೇರೆ ತುಂಡಾಗಿ ಕತ್ತರಿಸಿದರು. ಮಗ ಒತ್ತನ್ನು ಕೆಳಗಿಟ್ಟು, ಬೆರಳಲ್ಲಿ ಸವರಿ, “ಬಳ್ಳಾರಿ” ಅಂದ. ಬೇರೆ ಮಕ್ಕಳಿಗೂ ಒಂದು ಸೆಟ್ ಬೇಕು ಅಂತ ಮೇಡಂ ಕೇಳಿದ್ದಾರೆ. ಅಪ್ಪ ‘ಕ’ದಿಂದ ಶುರು ಮಾಡಿದ್ದಾರೆ.