ಲ್ಯುಮೆನ್ ಬಿಡಿ, ಸ್ವಿಚ್ ನೋಡಿ: ನಸುಕಿನ ಫೋಟೊಗೆ ಮೂರು ಹೆಡ್ ಟಾರ್ಚ್‌ಗಳು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಸುಕಿನಲ್ಲಿ ಫೋಟೊ ತೆಗೆಯಲು ಹೆಡ್ ಟಾರ್ಚ್ ಬೇಕಿದ್ದರೆ ಟಿ.ವಿ. ರಿಮೋಟಿಗೆ ಹಾಕುವಂಥ ಮೂರು ಸಣ್ಣ ಸೆಲ್‌ಗಳಲ್ಲಿ ನಡೆಯುವ, ಕೆಂಪು ಬೆಳಕಿಗೆ ಬೇರೆಯದೇ ಸ್ವಿಚ್ ಇರುವ, ನೋಡಲು ಯಾವ ಗತ್ತೂ ಇಲ್ಲದ ಪುಟ್ಟ ಟಾರ್ಚನ್ನು ಕೊಳ್ಳಿ. ನನ್ನ ಬಳಿ ಈಗ ಮೂರು ಬಗೆಯವು ಇವೆ, ಮೂರಕ್ಕೂ ಜೇಬಿನಿಂದಲೇ ದುಡ್ಡು ಕೊಟ್ಟಿದ್ದೇನೆ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಅಚ್ಚಿನ ಮಾಲು ಹತ್ತು ಹೆಸರಿನಲ್ಲಿ ಮಾರಾಟವಾಗುವ ಈ ಪೇಟೆಯಲ್ಲಿ ಬಗೆ ಗೊತ್ತಾದರೆ ಸಾಕು.

ನನ್ನ ಕೆಲಸ ಯಾವ ಹೊತ್ತಿನದು ಎಂದು ತಿಳಿಸದೆ ಈ ಹೋಲಿಕೆಗೆ ಅರ್ಥವಿಲ್ಲ. ಜನವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮೂಡುವುದು 6.45ರ ಸುಮಾರಿಗೆ. ಆದರೆ ಬಾನು ಕಡುನೀಲಿಗೆ ತಿರುಗುವುದು ಅದಕ್ಕೂ ಅರ್ಧ, ಮುಕ್ಕಾಲು ಗಂಟೆ ಮುಂಚೆ. ಆ ನೀಲಿ ಸಿಗಬೇಕೆಂದರೆ 5.30ಕ್ಕೆಲ್ಲ ಟ್ರೈಪಾಡ್ ಕಾಲೂರಿ ನಿಂತಿರಬೇಕು. ಜೂನ್ ಹೊತ್ತಿಗೆ ಸೂರ್ಯ 6 ಗಂಟೆಗೆ ಮೊದಲೇ ಬಂದುಬಿಡುವುದರಿಂದ ಇದೆಲ್ಲವೂ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ನಾನು ಹೋಗುವುದು ನಂದಿ, ಚಿಕ್ಕಬಳ್ಳಾಪುರದ ಸುತ್ತಲಿನ ಕೆರೆ ಏರಿಗಳಿಗೆ, ಕೆಲವೊಮ್ಮೆ ರಾಮನಗರದ ಕಡೆಯ ಬಂಡೆಗಳಿಗೆ. ನಡಿಗೆ ಸ್ವಲ್ಪ, ಕತ್ತಲಲ್ಲಿ ಕಾಯುವುದು ಬಹಳ. ರಾತ್ರಿಯಿಡೀ ಬೆಟ್ಟ ಹತ್ತುವವರ ಲೆಕ್ಕ ಬೇರೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ತೆಗೆಯಲು ಹೋಗುವವರಿಗೆ ಟಾರ್ಚೇ ಬೇಡ, ಅಲ್ಲಿ ಬಲ್ಬುಗಳಿಗೆ ಬರವಿಲ್ಲ.

ಮೊದಲು ಸೆನ್ಸರ್ ಟಾರ್ಚಿನ ವಿಚಾರ. ಆನ್‌ಲೈನ್‌ನಲ್ಲಿ ಹುಡುಕಿದರೆ ಕಣ್ಣಿಗೆ ಮೊದಲು ಬೀಳುವುದು ಈ ಬಗೆಯೇ. ಹಣೆಗೆ ಅಡ್ಡವಾಗಿ ಬೆಳಕಿನ ಪಟ್ಟಿ, ಅದರ ಪಕ್ಕ ಒಂದು ಬಲ್ಬು, ಒಳಗೇ ಕೂರಿಸಿದ ಬ್ಯಾಟರಿ, ಬೆಲೆ ಆರುನೂರು ರೂಪಾಯಿಯ ಆಸುಪಾಸು. ತಲೆಗೆ ಭಾರವಾಗದು, ಬೆಳಕೂ ಅಗಲ. ಇದರ ದೊಡ್ಡ ಹೆಗ್ಗಳಿಕೆ ಎಂದರೆ ಹಣೆಯ ಮುಂದೆ ಕೈ ಬೀಸಿದರೆ ಹೊತ್ತಿಕೊಳ್ಳುತ್ತದೆ, ಮತ್ತೆ ಬೀಸಿದರೆ ಆರುತ್ತದೆ. ಗ್ರೀಸ್ ಮೆತ್ತಿದ ಕೈಯಲ್ಲಿ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಇದು ವರ. ಕ್ಯಾಮೆರಾ ಹಿಡಿದವನ ಹಣೆಗೆ ಮಾತ್ರ ಇದನ್ನು ಕಟ್ಟಬಾರದು.

ಏಕೆಂದರೆ ಅದು ಕೈಯನ್ನು ಗುರುತಿಸುವುದಿಲ್ಲ. ಬಲ್ಬಿನ ಪಕ್ಕದ ಕಪ್ಪು ಕಿಂಡಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತದೆ. ಗೇಣು ದೂರದೊಳಗೆ ಏನು ಅಡ್ಡ ಬಂದರೂ ಕಿರಣ ಅದಕ್ಕೆ ತಾಗಿ ಹಿಂದಿರುಗುತ್ತದೆ, ಸ್ವಿಚ್ ಬದಲಾಗುತ್ತದೆ. ವ್ಯೂಫೈಂಡರ್‌ಗೆ ಕಣ್ಣಿಟ್ಟಾಗ ಹಣೆಯ ಮುಂದೆ ಗೇಣು ದೂರದೊಳಗೆ ಬರುವುದು ಸಾಕ್ಷಾತ್ ಕ್ಯಾಮೆರಾವೇ. ಅಂದರೆ ಟಾರ್ಚ್ ಆರಿಸಿ, ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, ಚೌಕಟ್ಟು ನೋಡಲು ಬಾಗಿದ ಕ್ಷಣದಲ್ಲಿ ಇಡೀ ಕೆರೆ ಏರಿ ಬೆಳಗುತ್ತದೆ. ಕಣ್ಣು ತೆಗೆದು ಕ್ಯಾಮೆರಾ ಕೆಳಗಿಳಿಸಿದರೂ ಅದು ಆರುವುದಿಲ್ಲ, ಮತ್ತೊಮ್ಮೆ ಏನಾದರೂ ಅಡ್ಡ ಬರಬೇಕು. ಹಣೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆದರೆ ಬೆಳಕು. ಟೋಪಿ ಸರಿಮಾಡಿದರೆ ಬೆಳಕು. ಕನ್ನಡಕ ಮೇಲಕ್ಕೆ ತಳ್ಳಿದರೆ ಬೆಳಕು. ಅದೂ ಹಿಂದಿನ ಸಲ ಎಷ್ಟು ಪ್ರಖರವಾಗಿ ಇಟ್ಟಿದ್ದೆವೋ ಅಷ್ಟೇ ಪ್ರಖರವಾಗಿ.

ಒಬ್ಬರೇ ಇದ್ದರೆ ಹೇಗೋ ಸಹಿಸಬಹುದು. ಆದರೆ ಈಗ ಚಳಿಗಾಲದ ಭಾನುವಾರ ಯಾವ ಏರಿಯ ಮೇಲೂ ಒಂಟಿಯಾಗಿ ನಿಲ್ಲುವ ಭಾಗ್ಯವಿಲ್ಲ. ಪಕ್ಕದವರು ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟು ನೀರಿನ ಮೇಲಿನ ಮಂಜನ್ನು ಹಿಡಿಯುತ್ತಿರುತ್ತಾರೆ. ಅದರ ಇಪ್ಪತ್ತೈದನೆಯ ಸೆಕೆಂಡಿನಲ್ಲಿ ನನ್ನ ಹಣೆ ಹೊತ್ತಿಕೊಂಡರೆ ಅವರ ಮುಂದಿನ ಜೊಂಡೆಲ್ಲ ಸುಣ್ಣ ಬಳಿದಂತೆ ಚಿತ್ರಕ್ಕೆ ಬರುತ್ತದೆ. ಹಾಗೊಮ್ಮೆ ಪಕ್ಕದ ಟ್ರೈಪಾಡಿನ ಹಿರಿಯರು ಸ್ವಲ್ಪವೂ ದನಿ ಏರಿಸದೆ, "ಸಾರ್, ಸೂರ್ಯೋದಯಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಅಲ್ಲಿಯವರೆಗೆ ನಿಮ್ಮದನ್ನು ಮುಳುಗಿಸಿಬಿಡಿ" ಎಂದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಸೆನ್ಸರನ್ನು ಬಂದ್ ಮಾಡಲು ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ. ಅದಕ್ಕೊಂದು ಸ್ವಿಚ್ ಇದೆ, ಮುಖ್ಯ ಸ್ವಿಚ್ಚಿನ ಪಕ್ಕದಲ್ಲೇ ಇದೆ, ಅದೇ ಅಳತೆಯಲ್ಲಿದೆ, ಬೆರಳಿಗೆ ಎರಡೂ ಒಂದೇ ತರಹ ತಾಗುತ್ತವೆ. ಕತ್ತಲಲ್ಲಿ ಇದೋ ಅದೋ ಎಂದು ತಡಕಾಡುವ ಬೆರಳೇ ಕಿಂಡಿಗೆ ಅಡ್ಡ ಬರುತ್ತದೆ. ಕಿಂಡಿಯ ಮೇಲೆ ಎಲೆಕ್ಟ್ರಿಷಿಯನ್‌ಗಳ ಕಪ್ಪು ಟೇಪ್ ಅಂಟಿಸಿದೆ. ಬೆವರಿಗೂ ಮಂಜಿಗೂ ಅದರ ಅಂಟು ಬಿಟ್ಟು ಅಂಚಿನಿಂದ ಏಳತೊಡಗಿತು. ಕೊನೆಗೆ ತಲೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಕೈಯಲ್ಲೇ ಹಿಡಿಯುವುದಾದರೆ ಹೆಡ್ ಟಾರ್ಚ್ ಏಕೆ, ಮೊಬೈಲ್ ಸಾಲದೇ? ಚಾರ್ಜಿಂಗ್ ಗೋಳು ಬೇರೆ. ಟೈಪ್-ಸಿ ಕಿಂಡಿ ಇದೆ, ಆದರೆ ಎರಡೂ ತುದಿಗೆ ಟೈಪ್-ಸಿ ಇರುವ ಹೊಸ ಕೇಬಲ್ ಹಾಕಿದರೆ ಜೀವವೇ ಬರುವುದಿಲ್ಲ. ಅಗ್ಗದ ಸಾಮಾನುಗಳಲ್ಲಿ ಚಾರ್ಜರ್‌ಗೆ "ನಾನಿಲ್ಲಿದ್ದೇನೆ" ಎಂದು ತಿಳಿಸುವ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟಿರುತ್ತಾರೆ. ಹಳೆಯ ಅಗಲ ಪಿನ್ನಿನ ಕೇಬಲನ್ನೇ ಹುಡುಕಬೇಕು.

ಎರಡನೆಯದು ಎಸ್.ಪಿ. ರಸ್ತೆಯಲ್ಲಿ ಚೌಕಾಶಿ ಮಾಡಿ ಸಾವಿರದ ನೂರಕ್ಕೆ ತಂದ ದೊಡ್ಡದು. ಮುಂದೆ ದಪ್ಪ ಬಲ್ಬು, ತಲೆಯ ಹಿಂದೆ ಬ್ಯಾಟರಿ ಡಬ್ಬಿ, ಎರಡರ ನಡುವೆ ವೈರು. ಒಳಗಿರುವುದು 18650 ಎಂಬ ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅದರ ಮೇಲೆ 9,900 ಎಂ.ಎ.ಎಚ್. ಎಂದು ಮುದ್ರಿಸಿದ್ದರು, ಅದು ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ. ಈ ಅಳತೆಯ ಹೆಸರುವಾಸಿ ಸೆಲ್‌ಗಳಲ್ಲೇ 3,500ರ ಸುಮಾರು ಹಿಡಿದರೆ ಹೆಚ್ಚು. ಹೀಗಿರುವಾಗ ಡಬ್ಬಿಯ ಮೇಲಿನ ಲ್ಯುಮೆನ್ ಸಂಖ್ಯೆಯನ್ನು, ಅಂದರೆ ಎಷ್ಟು ಬೆಳಕು ಬರುತ್ತದೆ ಎಂಬ ಅಳತೆಯನ್ನು, ಎಷ್ಟು ನಂಬಬೇಕೆಂದು ನೀವೇ ಲೆಕ್ಕ ಹಾಕಿ.

ಬೆಳಕೇನೋ ನಿಜಕ್ಕೂ ಜೋರಾಗಿದೆ, ತಕರಾರು ಇರುವುದು ಅಲ್ಲಿಯೇ. ನಸುಕಿನಲ್ಲಿ ನಮ್ಮ ಕೆಲಸವೆಲ್ಲ ಒಂದು ಮೊಳದೊಳಗಿನದು. ಫಿಲ್ಟರ್ ತಿರುಗಿಸಬೇಕು, ಮೆಮೊರಿ ಕಾರ್ಡ್ ಹಾಕಬೇಕು, ಟ್ರೈಪಾಡಿನ ಕಾಲು ಕೆಸರಿನಲ್ಲಿದೆಯೋ ಕಲ್ಲಿನ ಮೇಲಿದೆಯೋ ನೋಡಬೇಕು. ಇದರ ಅತಿ ಕಡಿಮೆ ಬೆಳಕಿನಲ್ಲೂ ಲೆನ್ಸಿನ ಮೇಲಿನ ಅಂಕಿ ಹೊಳೆದು ಕಣ್ಣು ಕೋರೈಸುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಇಂಥ ಬೆಳಕು ಕೆಲವು ಸೆಕೆಂಡು ಸಾಕು. ಮಂದ ಕೆಂಪು ಬೆಳಕಿಗೆ ಆ ತೊಂದರೆ ಕಡಿಮೆ, ಏಕೆಂದರೆ ಕತ್ತಲಲ್ಲಿ ನೋಡಲು ನೆರವಾಗುವ ಅಕ್ಷಿಪಟದ ದಂಡಕೋಶಗಳಿಗೆ ಕಡುಗೆಂಪು ಅಷ್ಟಾಗಿ ಕಾಣುವುದೇ ಇಲ್ಲ. ದೊಡ್ಡ ಟಾರ್ಚಿನಲ್ಲೂ ಕೆಂಪು ಇದೆ. ಆದರೆ ಇರುವುದೊಂದೇ ಸ್ವಿಚ್: ಮೊದಲ ಒತ್ತಿಗೆ ಜೋರು, ಎರಡನೆಯದಕ್ಕೆ ಸ್ವಲ್ಪ ಕಡಿಮೆ, ಮೂರನೆಯದಕ್ಕೆ ಮಿಣಮಿಣ, ನಾಲ್ಕನೆಯದಕ್ಕೆ ಕೆಂಪು. ಕಣ್ಣು ಉಳಿಸಿಕೊಳ್ಳಲೆಂದು ಇರುವ ಕೆಂಪನ್ನು ತಲುಪುವ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ಮಂಜಿನಲ್ಲಿ ಇದರ ಗತಿ ಇನ್ನೂ ಕಷ್ಟ. ಹಣೆಯಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ಬಡಿದು ನೇರ ಕಣ್ಣಿಗೇ ಮರಳುತ್ತದೆ, ಮೂರು ಹೆಜ್ಜೆ ಮುಂದಿನದೂ ಕಾಣುವುದಿಲ್ಲ. ಕಾರಿನ ಮಂಜುದೀಪಗಳನ್ನು ಬಂಪರಿನ ಮಟ್ಟದಲ್ಲಿ ಇಡುವುದು ಇದೇ ಕಾರಣಕ್ಕೆ. ಟಾರ್ಚನ್ನು ಬಿಚ್ಚಿ ಸೊಂಟದ ಮಟ್ಟಕ್ಕೆ ತಂದರೆ ದಾರಿ ಕಾಣುತ್ತದೆ. ಬಂಡೆಯ ಮೇಲೂ ಹಾಗೆಯೇ ಮಾಡಿ: ಹಣೆಯ ಬೆಳಕಿನಲ್ಲಿ ನೆರಳುಗಳು ವಸ್ತುವಿನ ಹಿಂದೆ ಅಡಗಿಬಿಡುವುದರಿಂದ ತಗ್ಗು ಯಾವುದು, ಸಮ ಯಾವುದು ತಿಳಿಯುವುದಿಲ್ಲ. ಪುಟ್ಟ ಟಾರ್ಚನ್ನು ಹೀಗೆ ಕೆಳಗೆ ಹಿಡಿಯುವುದು ಸಲೀಸು. ವೈರು, ಡಬ್ಬಿ ಇರುವುದನ್ನು ಹಿಡಿಯಲು ಮೂರನೆಯ ಕೈ ಬೇಕು.

ಒಂದೇ ಒಂದು ಕಡೆ ದೊಡ್ಡದು ಗೆಲ್ಲುತ್ತದೆ. ಕತ್ತಲಲ್ಲಿ ಆಟೊಫೋಕಸ್ ತಡವರಿಸುವಾಗ ದೂರದ ಬಂಡೆಯ ಮೇಲೆ ಇದರ ಬೆಳಕು ಬಿಟ್ಟು, ಫೋಕಸ್ ಹಿಡಿದು, ಮ್ಯಾನುವಲ್‌ಗೆ ಬದಲಿಸಿ ಆರಿಸಿಬಿಡಬಹುದು. ಹಾಗೆ ಮಾಡುವ ಮುನ್ನ ಪಕ್ಕದವರನ್ನು ಒಂದು ಮಾತು ಕೇಳಿ.

ಇನ್ನು ನನ್ನ ಮೆಚ್ಚಿನದು. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಾವಿರದ ಏಳುನೂರು ಚಿಲ್ಲರೆ ಕೊಟ್ಟು ತಂದದ್ದು. ಒಂದೇ ಪಟ್ಟಿ, ಹಿಂದೆ ಡಬ್ಬಿಯಿಲ್ಲ, ವೈರಿಲ್ಲ. ಬಲಗಡೆ ಬಿಳಿಯ ಸ್ವಿಚ್, ಎಡಗಡೆ ಕೆಂಪಿನದು. ಕೆಂಪನ್ನು ಒತ್ತಿದರೆ ಕೆಂಪೇ ಬರುತ್ತದೆ. ಇಷ್ಟಕ್ಕೆ ಇಷ್ಟು ಸಂಭ್ರಮವೇ ಎನ್ನಬೇಡಿ, ಮೇಲಿನ ಎರಡನ್ನು ಬಳಸಿದವರಿಗೆ ಇದು ಸಂಭ್ರಮವೇ. ಬಿಳಿಯನ್ನು ಒತ್ತಿದರೆ ಅತಿ ಮಂದದಿಂದ ಆರಂಭವಾಗುತ್ತದೆ, ಬೇಕೆಂದವರು ಮುಂದಕ್ಕೆ ಹೋಗಬಹುದು. ಟಾರ್ಚಿನ ತಲೆಯನ್ನು ಕೆಳಕ್ಕೆ ಬಾಗಿಸುವ ಕೀಲು ಟಕ್ ಟಕ್ ಎಂದು ನಿಂತಲ್ಲಿ ನಿಲ್ಲುತ್ತದೆ, ವ್ಯೂಫೈಂಡರ್ ನೋಡುವಾಗ ಕ್ಯಾಮೆರಾದ ನೆತ್ತಿಗೆ ತಾಗುವುದಿಲ್ಲ. ಬೈಕಿನಲ್ಲಿ ಹೋಗುವಾಗ ಕುತ್ತಿಗೆಗೆ ಜಾರಿಸಿಕೊಂಡರೆ ಹೆಲ್ಮೆಟ್ಟಿಗೂ ಅಡ್ಡಿಯಿಲ್ಲ. ಕೆಲವು ಸಲ ಟ್ರೈಪಾಡಿನ ಕಾಲಿಗೆ ಸುತ್ತಿ ಕೆಂಪು ಹೊತ್ತಿಸಿಡುತ್ತೇನೆ, ಕತ್ತಲಲ್ಲಿ ಯಾರೂ ಎಡವುವುದಿಲ್ಲ.

ಸೆಲ್ ಬದಲಿಸುವುದು ಹಳೆಯ ಕಾಲದ ಪದ್ಧತಿ ಎಂದು ಮೂಗು ಮುರಿಯುವವರಿದ್ದಾರೆ. ಹೊರಡುವ ಹಿಂದಿನ ರಾತ್ರಿ ಚಾರ್ಜ್ ಮಾಡಲು ಮರೆಯುವ ನನ್ನಂಥವನಿಗೆ ಅದೇ ಅನುಕೂಲ. ನಸುಕಿನಲ್ಲಿ ತೆರೆದಿರುವ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಟೈಪ್-ಸಿ ಕೇಬಲ್ ಸಿಗದಿರಬಹುದು, ಬಿಸ್ಕತ್ತಿನ ಡಬ್ಬಿಗಳ ಪಕ್ಕ ರಿಮೋಟ್ ಸೆಲ್‌ನ ಹಾಳೆ ತೂಗುತ್ತಿರುತ್ತದೆ. ಮನೆಯಲ್ಲಿ ರೀಚಾರ್ಜ್ ಆಗುವ ಸೆಲ್‌ಗಳನ್ನೇ ಬಳಸುತ್ತೇನೆ. 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುವುದರಿಂದ ಅತಿ ಜೋರಿನ ಬೆಳಕು ತುಸು ತಗ್ಗಬಹುದು, ನನಗೆ ಬೇಕಿರುವುದು ಅದಲ್ಲ. ಕಿರಿಕಿರಿ ಇರುವುದು ಲೆಕ್ಕದಲ್ಲಿ. ಟಾರ್ಚಿಗೆ ಬೇಕಾದದ್ದು ಮೂರು ಸೆಲ್, ನನ್ನ ಚಾರ್ಜರ್ ಒಪ್ಪುವುದು ಎರಡು ಅಥವಾ ನಾಲ್ಕು. ಆ ನಾಲ್ಕನೆಯದು ಯಾವಾಗಲೂ ಅರ್ಧ ತುಂಬಿದ ಯಾವುದೋ ಅನಾಥ ಸೆಲ್.

ಬೇರೆ ಕೊರತೆಗಳೂ ಇವೆ. ಸೆಲ್‌ನ ಮುಚ್ಚಳ ತೆಗೆಯಲು ಉಗುರು ಗಟ್ಟಿಯಿರಬೇಕು. ಐಪಿಎಕ್ಸ್4 ದರ್ಜೆ ಎಂದರೆ ಎರಚುವ ನೀರಿಗೆ ಮಾತ್ರ ತಡೆ, ಜಡಿಮಳೆಯಲ್ಲಿ ನೆನೆಸಲು ನನಗೆ ಧೈರ್ಯವಿಲ್ಲ. ಕೆಂಪು ಬೆಳಕಿನಲ್ಲಿ ಬಿಳಿ ಕಾಗದದ ಮೇಲಿನ ಕೆಂಪು ಶಾಯಿ ಮಾಯವಾಗುತ್ತದೆ, ತಿಳಿಬಣ್ಣದ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಬಳಿದ ಬಾಣದ ಗುರುತೂ ಅಷ್ಟೇ. ನಡೆಯುವಾಗ ಬಿಳಿ, ನಿಂತಾಗ ಕೆಂಪು ಎಂದು ಇಟ್ಟುಕೊಂಡಿದ್ದೇನೆ. ಕ್ಯಾಮೆರಾದ ಪರದೆಯ ಬೆಳಕನ್ನೂ ತಗ್ಗಿಸಿ, ಇಲ್ಲದಿದ್ದರೆ ಯಾವ ಟಾರ್ಚ್ ತಂದರೂ ಒಂದೇ.

ಹುಳುಗಳ ಕಾಟದಲ್ಲೂ ಕೆಂಪೇ ವಾಸಿ. ಮೊದಲ ಮಳೆಯ ಮರುದಿನ ಬಿಳಿ ಬೆಳಕು ಹೊತ್ತಿಸಿ ಬಾಯಿ ತೆರೆಯಬೇಡಿ.

ಮೈನಸ್ ಹತ್ತು ಡಿಗ್ರಿಯಲ್ಲಿ ಬ್ಯಾಟರಿ ಏನಾಗುತ್ತದೆ ಎಂದು ಹೊರದೇಶದವರ ವಿಮರ್ಶೆಗಳಲ್ಲಿ ಪುಟಗಟ್ಟಲೆ ಇರುತ್ತದೆ. ಬೆಂಗಳೂರು ಕಂಡ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಆ ಪುಟಗಳನ್ನು ನಾವು ಹಾರಿಸಿ ಓದಬಹುದು.

ಬಜೆಟ್ ಸಾವಿರದೊಳಗೇ ಇದ್ದರೆ, ಸೆನ್ಸರ್ ಇಲ್ಲದ್ದು ಎಂದು ಖಚಿತಪಡಿಸಿಕೊಂಡು ಸಾದಾ ಟಾರ್ಚ್ ತೆಗೆದುಕೊಳ್ಳಿ. ಗಾಜಿನ ಅರ್ಧಕ್ಕೆ ಕೆಂಪು ಜಿಲೇಟಿನ್ ಹಾಳೆಯನ್ನು ಎರಡು ಮಡಿಕೆ ಅಂಟಿಸಿದರೆ ಕೆಲಸ ನಡೆಯುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸ್ವಿಚ್ ಹುಡುಕಿ ನೋಡಿ, ಅಂಗಡಿಯವರು ನಕ್ಕರೆ ನಗಲಿ. ರಾತ್ರಿ ಪೂರ್ತಿ ಚಾರಣ ಮಾಡುವವರು ದೊಡ್ಡದರ ಕಡೆಗೇ ವಾಲಬಹುದು, ನನ್ನ ತಕರಾರಿಲ್ಲ. ನನ್ನ ದೊಡ್ಡ ಟಾರ್ಚ್ ಈಗ ಬೈಕಿನ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಜೊತೆಗಿದೆ.

ಸೆನ್ಸರ್ ಟಾರ್ಚ್ ಅಮ್ಮನ ಪಾಲಾಗಿದೆ. ಕರೆಂಟ್ ಹೋದಾಗ ಹಿಟ್ಟಿನ ಕೈಯಲ್ಲಿ ಏನನ್ನೂ ಮುಟ್ಟದೆ ಹೊತ್ತಿಸಬಹುದು, ಸಂಪಿನೊಳಗೆ ನೀರು ಎಷ್ಟಿದೆ ಎಂದು ಬಾಗಿ ನೋಡಬಹುದು. ಮೂರರಲ್ಲಿ ಅದೇ ಒಳ್ಳೆಯದು ಎನ್ನುತ್ತಾರೆ ಅಮ್ಮ.